ಮುಖವೂ ಬಣ್ಣವೂ

ಮುಖಕ್ಕೆ ಬಣ್ಣ ಹಚ್ಚಿಕೊಳ್ಳುವುದನ್ನೇ ಹವ್ಯಾಸ ಮಾಡಿಕೊಂಡ ಜನ ತಮ್ಮ ಮುಖ ಹೇಗೆ ಕಾಣಬೇಕೆಂದು ಜಗಳವಾಡುವುದನ್ನು ನೋಡಿದರೆ ಹೊರಗಿನವರಿಗೆ ನಗು ಬಂದೀತು. ಎರಡು ತಿಂಗಳಿಂದ ನಮ್ಮ ನಾಟಕದ ತಂಡದಲ್ಲಿ ನಡೆದಿರುವುದು ಅಂಥದೇ ಜಗಳ. ತಂಡವೇನೂ ದೊಡ್ಡದಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ - ಈ ನಾಲ್ಕು ತಾಲೂಕುಗಳ ಮೇಷ್ಟರು, ರೈತರು, ಬಸ್ಸಿನ ಕಂಡಕ್ಟರು, ಬ್ಯಾಂಕಿನ ಗುಮಾಸ್ತರು ಸೇರಿ ಬೇಸಗೆಯಲ್ಲಿ ನಾಟಕವಾಡುವ ಗುಂಪು. ಅದಕ್ಕೊಂದು ವೆಬ್‌ಸೈಟು ಇದೆ. ಹದಿನೈದು ವರ್ಷ ಹಳೆಯದು. ಅದರ ರೂಪ ಬದಲಾಗಬೇಕೆಂದು ತೀರ್ಮಾನವಾಯಿತು. ಕನ್ನಡ ಬಲ್ಲವನೆಂಬ ಕಾರಣಕ್ಕೆ ನನ್ನನ್ನೂ ಸಮಿತಿಗೆ ಎಳೆದರು.

ಹೊಸ ರೂಪವನ್ನು ಸಿದ್ಧಮಾಡಿದವನು ಇಂಜಿನಿಯರಿಂಗ್ ಓದಿದ ಹುಡುಗ. ನಮ್ಮಲ್ಲೇ ಅಭಿಮನ್ಯುವಿನ ಪಾತ್ರ ಮಾಡಿದವನು. ಕತ್ತಲೆಯ ಹಿನ್ನೆಲೆ, ನಡುವೆ ಒಂದೇ ಬೆಳಕಿನ ಕೋಲು, ಕೆಳಗೆ ಕೆಂಪು ಮಖಮಲ್ಲಿನ ಕುರ್ಚಿಗಳ ಸಾಲು. ನೋಡುವುದಕ್ಕೆ ಬಹಳ ಚೆನ್ನಾಗಿತ್ತು. ಆದರೆ ಆ ಕುರ್ಚಿಗಳು ನಮ್ಮವಲ್ಲ. ಯಾವುದೋ ದೇಶದ ಯಾವುದೋ ರಂಗಮಂದಿರದವು. ನಾವು ಆಡುವುದು ಊರ ಮುಂದಿನ ಬಯಲಲ್ಲಿ, ಬಾಡಿಗೆಗೆ ತಂದ ಸೀನರಿಯ ಮುಂದೆ. ನೋಡುವವರು ಪ್ಲಾಸ್ಟಿಕ್ ಕುರ್ಚಿಯಲ್ಲೋ ಮನೆಯಿಂದ ತಂದ ಚಾಪೆಯ ಮೇಲೋ ಕೂರುತ್ತಾರೆ. ನಾನು ಇದನ್ನು ಹೇಳಿದಾಗ ಹುಡುಗ ಅಂದ: "ಸಾರ್, ನಾಟಕದಲ್ಲಿ ನಾನು ಅಭಿಮನ್ಯು ಅಂತ ಕಿರೀಟ ಹಾಕ್ಕೊಂಡೆ. ಅದು ನಿಜವಾ? ನೋಡಿದವರು ಬರಬೇಕಲ್ಲ ಸಾರ್." ಪಕ್ಕದಲ್ಲಿ ಕೂತಿದ್ದ ಹಾರ್ಮೋನಿಯಂ ಮೇಷ್ಟರು ಮಾತ್ರ ಬೇರೆಯೇ ಕೇಳಿದರು: "ನಮ್ ಹೆಸ್ರುಗಳ ಪಟ್ಟಿ ಎಲ್ಲೋಯ್ತಪ್ಪ?"

ಹುಡುಗನ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವಂತಿಲ್ಲ. ವೇಷವೆಲ್ಲ ಸುಳ್ಳೆಂದರೆ ನಾಟಕವೇ ಸುಳ್ಳು. ಅಲಂಕಾರವೆಂಬ ಮಾತನ್ನೇ ತೆಗೆದುಕೊಳ್ಳಿ. 'ಅಲಂ' ಎಂದರೆ 'ಸಾಕು'. ಸಾಕಷ್ಟಿಲ್ಲದ್ದನ್ನು ಸಾಕೆನ್ನುವಂತೆ ಮಾಡುವುದು ಅಲಂಕಾರ. ಪಾಂಡವಪುರ ತಾಲೂಕಿನ ಮೇಲುಕೋಟೆಯಲ್ಲಿ ವರ್ಷಕ್ಕೊಮ್ಮೆ ಚೆಲುವನಾರಾಯಣನಿಗೆ ವೈರಮುಡಿ ಏರಿಸುತ್ತಾರೆ. ಅದನ್ನು ನೋಡಲು ನೆರೆಯುವ ಜನಸಾಗರದಲ್ಲಿ ಯಾರೊಬ್ಬರೂ ಕಿರೀಟವಿಲ್ಲದ ದಿನದ ದೇವರೇ ನಿಜವಾದವನು, ಇವನು ವೇಷಧಾರಿ ಎನ್ನುವುದಿಲ್ಲ.

ಮೈಯೇ ಬದಲಾದರೂ ಜೀವ ಉಳಿದ ನಿದರ್ಶನಗಳು ನಮ್ಮ ಈ ನಾಲ್ಕು ತಾಲೂಕುಗಳಲ್ಲೇ ಎಷ್ಟು ಬೇಕಾದರೂ ಇವೆ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ನಾಟಕ ಸಿಂಗರಾರ್ಯನ 'ಮಿತ್ರವಿಂದಾ ಗೋವಿಂದ'. ಸುಮಾರು 1680ರದು, ಶ್ರೀರಂಗಪಟ್ಟಣದಿಂದ ಆಳುತ್ತಿದ್ದ ಚಿಕ್ಕದೇವರಾಜ ಒಡೆಯರ ಆಸ್ಥಾನದ ಕೃತಿ. ಅದು ಶ್ರೀಹರ್ಷನ 'ರತ್ನಾವಳಿ'ಯ ರೂಪಾಂತರ. ಉದಯನ ಹೋಗಿ ಕೃಷ್ಣ ಬಂದ, ರತ್ನಾವಳಿ ಹೋಗಿ ಮಿತ್ರವಿಂದೆ ಬಂದಳು. ನಮ್ಮ ನಾಟಕ ಸಾಹಿತ್ಯ ಕಣ್ಣುಬಿಟ್ಟದ್ದೇ ಬೇರೆಯವರ ಬಟ್ಟೆ ತೊಟ್ಟು! ನಾಗಮಂಗಲದ ಬೆಳ್ಳೂರಿನ ಮನೆತನದ ಬಿ.ಎಂ. ಶ್ರೀಕಂಠಯ್ಯನವರು ಸೊಫೋಕ್ಲಿಸನ ಏಜಾಕ್ಸನನ್ನು 1929ರಲ್ಲಿ 'ಅಶ್ವತ್ಥಾಮನ್' ಮಾಡಿದರು. ಗ್ರೀಕ್ ವೀರನ ಹೆಸರು, ದೇಶ, ದೇವರು ಎಲ್ಲ ಬದಲಾದರೂ ಅಭಿಮಾನಭಂಗದ ಉರಿ ಮಾತ್ರ ಆರಲಿಲ್ಲ. ಕೆ.ಆರ್. ಪೇಟೆಯ ಅಕ್ಕಿಹೆಬ್ಬಾಳಿನಲ್ಲಿ 1900ರಲ್ಲಿ ಹುಟ್ಟಿದ ಎ.ಎನ್. ಮೂರ್ತಿರಾಯರು ಮೋಲಿಯೇರನ 'ತಾರ್ತೂಫ್' ನಾಟಕವನ್ನು 'ಆಷಾಢಭೂತಿ'ಯಾಗಿಸಿದರು. ಮೇಲುಕೋಟೆಯ ಪು.ತಿ.ನ. ಅವರ 'ಗೋಕುಲ ನಿರ್ಗಮನ' ಬಿ.ವಿ. ಕಾರಂತರ ಕೈಯಲ್ಲಿ ರಂಗದ ಮೇಲೆ ಬೇರೆಯೇ ಕಳೆ ಪಡೆಯಿತು. ಇವರ ನೆರೆಯವರಾದ ನಾವು ರೂಪ ಬದಲಿಸುವುದೇ ಪಾಪವೆಂದು ಕೂರಲಾದೀತೆ?

ಆದರೆ ಮೂರ್ತಿರಾಯರ ಆ ನಾಟಕವೇ ಹುಡುಗನಿಗೆ ಉತ್ತರವನ್ನೂ ಕೊಡುತ್ತದೆ. ಆಷಾಢಭೂತಿಯೂ ವೇಷಧಾರಿ, ಅವನ ಪಾತ್ರ ಮಾಡುವ ನಟನೂ ವೇಷಧಾರಿ. ನಟನದು ವೇಷವೆಂದು ಎದುರಿಗೆ ಕೂತ ಮಗುವಿಗೂ ಗೊತ್ತು. ನೋಡುವವರೂ ಆಡುವವರೂ ಒಪ್ಪಿ ಕಟ್ಟಿಕೊಂಡ ಸುಳ್ಳು ಅದು. ಆಷಾಢಭೂತಿಯ ವೇಷ ಅವನ ಮನೆಯೊಡೆಯನಿಗೆ ಗೊತ್ತಿಲ್ಲ, ಗೊತ್ತಾಗಲೂಬಾರದು. ಅಭಿಮನ್ಯುವಿನ ಕಿರೀಟ ಮೊದಲನೆಯ ಜಾತಿಯದು, ಮಖಮಲ್ಲಿನ ಕುರ್ಚಿ ಎರಡನೆಯದು. ಆ ಚಿತ್ರವನ್ನು ನಂಬಿ ಬೆಂಗಳೂರಿನಿಂದ ಬಂದವರಿಗೆ ನಾವು ಚಾಪೆ ಹಾಸಿಕೊಡಬೇಕು. ಅದಕ್ಕಿಂತ ಹೆಚ್ಚಾಗಿ, ಆ ಚಿತ್ರದಲ್ಲಿ ನಮ್ಮ ಬಯಲಿಗೇ ನಾವು ನಾಚಿದಂತಾಗುತ್ತದೆ. ಹುಡುಗ ಸ್ವಲ್ಪ ಹೊತ್ತು ವಾದಿಸಿದ, ಆಮೇಲೆ ಒಪ್ಪಿದ. ಬಯಲಿನದೇ ಒಂದು ಒಳ್ಳೆಯ ಚಿತ್ರ ತೆಗೆಯಲು ಕ್ಯಾಮರಾ ಹಿಡಿದು ಅವನೇ ಹೊರಟ.

ಮೇಷ್ಟರ ಪ್ರಶ್ನೆ ಇನ್ನೂ ಕಷ್ಟದ್ದು. ಮಂಡ್ಯದ ಕಡೆಯ ನಾಟಕ ಗೊತ್ತಿರುವವರಿಗೆ ಪಟ್ಟಿಯ ಮಹತ್ವವನ್ನು ವಿವರಿಸಬೇಕಾಗಿಲ್ಲ. ಇಲ್ಲಿ 'ಕುರುಕ್ಷೇತ್ರ'ವಾಡುವ ಹಳ್ಳಿಯವನಿಗೆ ಸಂಬಳವಿಲ್ಲ. ಅವನೇ ಕೈಯಿಂದ ದುಡ್ಡು ಕೊಟ್ಟು ಪಾತ್ರ ಮಾಡುತ್ತಾನೆ, ದುರ್ಯೋಧನನಿಗೆ ಹೆಚ್ಚು, ಚಿಕ್ಕ ಪಾತ್ರಗಳಿಗೆ ಕಡಿಮೆ. ತಿಂಗಳುಗಟ್ಟಲೆ ರಾತ್ರಿಯ ಅಭ್ಯಾಸಕ್ಕೆ ಅವನಿಗೆ ಸಿಗುವ ಪ್ರತಿಫಲವೆಂದರೆ ಒಂದು ರಾತ್ರಿಯ ಚಪ್ಪಾಳೆ ಮತ್ತು ಕರಪತ್ರದಲ್ಲಿ ಹೆಸರು. ನಮ್ಮ ಹಳೆಯ ವೆಬ್‌ಸೈಟಿನಲ್ಲಿ ಪರದೆ ಎಳೆದವನಿಂದ ಹಿಡಿದು ಅಡುಗೆ ಮಾಡಿದವರ ತನಕ ಎಲ್ಲರ ಹೆಸರೂ ಇದ್ದವು. ಉದ್ದವಾಯಿತು, ಯಾರೂ ಓದುವುದಿಲ್ಲವೆಂದು ಹೊಸ ರೂಪದಲ್ಲಿ ಅದನ್ನು ಕೈಬಿಟ್ಟಿದ್ದರು. ಯಾರೂ ಓದುವುದಿಲ್ಲ, ನಿಜ. ಆದರೆ ತನ್ನ ಹೆಸರನ್ನು ಓದಿಕೊಳ್ಳುವವನೊಬ್ಬ ಇದ್ದೇ ಇರುತ್ತಾನೆ.

ಹಾಗೆಂದು ಹಳೆಯದನ್ನು ಮುಟ್ಟಲೇಬೇಡಿರೆಂದ ಹಿರಿಯರ ಪಕ್ಷವನ್ನೂ ನಾನು ವಹಿಸಲಾರೆ. ಹಳೆಯ ಪುಟಗಳನ್ನು ಬೆರಳಚ್ಚು ಮಾಡಿದ್ದು ಯೂನಿಕೋಡ್ ಅಲ್ಲದ ಹಳೆಯ ಲಿಪಿ ವಿನ್ಯಾಸದಲ್ಲಿ. ಆ ಲಿಪಿಯಿಲ್ಲದ ಮೊಬೈಲಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಂತೆ ಕಾಣುತ್ತದೆ. ಕೆಲವು ಪಟ್ಟಿಗಳಂತೂ ಕರಪತ್ರದ ಫೋಟೋಗಳು. ಹುಡುಕಿದರೆ ಹೆಸರು ಸಿಗದು, ಕಣ್ಣು ಕಾಣದವರಿಗೆ ಫೋನು ಓದಿ ಹೇಳಲಾರದು. ಹೆಸರು ಇದ್ದೂ ಇಲ್ಲದಂತೆ. ಇದ್ದದ್ದನ್ನು ಇದ್ದಂತೆಯೇ ಇಟ್ಟರೆ ನ್ಯಾಯ ಸಲ್ಲಿಸಿದಂತಾಯಿತೆಂದು ತಿಳಿಯುವುದು ಸುಲಭ. ಆ ಹೆಸರುಗಳನ್ನೆಲ್ಲ ಮತ್ತೆ ಯೂನಿಕೋಡಿನಲ್ಲಿ ಒಂದೊಂದಾಗಿ ಹೊಡೆಯುವುದು ಕಷ್ಟ. ನನ್ನ ಇಬ್ಬರು ವಿದ್ಯಾರ್ಥಿನಿಯರು ಈಗ ಅದನ್ನು ಮಾಡುತ್ತಿದ್ದಾರೆ. ನಾನು ಕರಡು ತಿದ್ದುತ್ತೇನೆ. (ಮೂವತ್ತು ಜನ ಗೌಡರಲ್ಲಿ ಯಾವ ಗೌಡರು ಯಾರೆಂದು ತಿಳಿಯಲು ಮೇಷ್ಟರೇ ಬೇಕು.)

ಈ ಕೆಲಸದ ನಡುವೆ ಎದ್ದ ಒಂದು ಪ್ರಶ್ನೆ ಉಳಿದಿದೆ. ದ್ರೌಪದಿ, ಕುಂತಿ, ರುಕ್ಮಿಣಿಯರ ಪಾತ್ರಕ್ಕೆ ನಾವು ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಿದ್ದೆವು. ರಾತ್ರಿಯಿಡೀ ಹಾಡಿ, ಬೆಳಗಿನ ಬಸ್ಸಿಗೆ ಹೊರಟುಹೋಗುತ್ತಿದ್ದರು. ಹಳೆಯ ಕರಪತ್ರಗಳಲ್ಲಿ ಕೆಲವರ ಹೆಸರೂ ಚಿತ್ರವೂ ಇವೆ, ಕೆಲವರದು ಇಲ್ಲ. ಎಲ್ಲರದನ್ನೂ ಹಾಕಿಬಿಡೋಣ, ಅದೇ ಮರ್ಯಾದೆ ಎಂದು ಸಮಿತಿಯಲ್ಲಿ ಎಲ್ಲರೂ ಅಂದರು. ನನಗೆ ಅನುಮಾನ. ಕರಪತ್ರಕ್ಕೆ ಒಪ್ಪಿದವಳು ಒಂದು ವಾರದ ಗೋಡೆಗೆ ಒಪ್ಪಿದಳು. ಅದನ್ನು ಮಳೆ ತೊಳೆಯುತ್ತದೆ, ದನ ಮೇಯುತ್ತದೆ. ವೆಬ್‌ಸೈಟನ್ನು ಯಾವ ದನವೂ ಮೇಯದು. ಇಪ್ಪತ್ತು ವರ್ಷದ ಮೇಲೆ ಆಕೆಯ ಸೊಸೆಯೋ ಬೀಗರೋ ಅದನ್ನು ನೋಡಬಹುದು. ಅದು ಆಕೆಗೆ ಹೆಮ್ಮೆಯೋ ಸಂಕಟವೋ ನಾವು ನಿರ್ಧರಿಸುವಂತಿಲ್ಲ. ಕೇಳಬೇಕು.

ಮೇಷ್ಟರ ಹಳೆಯ ಡೈರಿಯಲ್ಲಿದ್ದ ನಂಬರುಗಳಿಗೆ ಫೋನು ಮಾಡಿದೆವು. ಒಬ್ಬರು ಫೋಟೋ ಬೇಡ, ಹೆಸರು ಸಾಕೆಂದರು. ಇನ್ನೊಬ್ಬರು ಹೆಸರೂ ಬೇಡ, "ದ್ರೌಪದಿ ಅಂತ ಮಾತ್ರ ಇರ್ಲಿ ಸ್ವಾಮಿ" ಎಂದರು. ಮೂರನೆಯವರ ನಂಬರು ಈಗ ಯಾರದೋ ಆಗಿದೆ. ಆ ಒಂದು ಸಾಲನ್ನು ಸದ್ಯಕ್ಕೆ ಖಾಲಿ ಬಿಟ್ಟಿದ್ದೇವೆ.