ಇಂದಿನ ಧಮ್ಮ ಚಿಂತನೆ: ಮುಪ್ಪಾದವರನ್ನು ನೋಡುವವರು ಯಾರು?





ವಿನಯ ಪಿಟಕದ ಒಂದು ಪ್ರಸಂಗವನ್ನು ಬಾಬಾಸಾಹೇಬರು ತಮ್ಮ ‘ಬುದ್ಧ ಮತ್ತು ಆತನ ಧಮ್ಮ’ ಗ್ರಂಥದಲ್ಲೂ ಸೇರಿಸಿದ್ದಾರೆ. ಅತಿಸಾರದಿಂದ ನರಳುತ್ತಿದ್ದ ಒಬ್ಬ ಭಿಕ್ಖು ತನ್ನ ಮಲಮೂತ್ರದಲ್ಲೇ ಬಿದ್ದುಕೊಂಡಿದ್ದ. ಆನಂದರೊಡನೆ ಅತ್ತ ಬಂದ ತಥಾಗತರು, ನಿನ್ನನ್ನು ನೋಡಿಕೊಳ್ಳುವವರು ಯಾರೂ ಇಲ್ಲವೇ ಎಂದು ಕೇಳಿದರು. ಇಲ್ಲ ಎಂದ. ಯಾಕೆ ಎಂದು ಕೇಳಿದ್ದಕ್ಕೆ, ನನ್ನಿಂದ ಅವರಿಗೆ ಏನೂ ಉಪಯೋಗವಿಲ್ಲ ಎಂದ.

ಈ ಮಾತು ನಮ್ಮ ಕೇರಿಗಳಲ್ಲಿ ಇವತ್ತೂ ಕೇಳಿಸುತ್ತದೆ. ಕೈಕಾಲು ಗಟ್ಟಿ ಇರುವವರೆಗೂ ಕೂಲಿ ಮಾಡಿದ ಅಜ್ಜಿ ಈಗ ಮೂಲೆ ಸೇರಿದ್ದಾಳೆ. ಮಗ ಬೆಂಗಳೂರಿನಲ್ಲಿ ಸೆಕ್ಯುರಿಟಿ ಕೆಲಸದಲ್ಲಿದ್ದಾನೆ, ಸೊಸೆ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ. ಅವರಿರುವ ಒಂದೇ ಕೋಣೆಯಲ್ಲಿ ಇನ್ನೊಬ್ಬರು ಕಾಲು ಚಾಚಲು ಜಾಗವಿಲ್ಲ. ಅವರಿಗೆ ಪ್ರೀತಿ ಇಲ್ಲವೆಂದಲ್ಲ. ಆದರೆ ಊರಿನ ಮನೆಯಲ್ಲಿ ರಾತ್ರಿ ಅಜ್ಜಿ ಜಾರಿ ಬಿದ್ದರೆ ಎತ್ತುವವರು ಯಾರು?

ಕಥೆಗೆ ಮರಳೋಣ. ತಥಾಗತರು ನೀರು ಸುರಿದರು, ಆನಂದರು ಮೈ ತೊಳೆದರು. ಒಬ್ಬರು ತಲೆಯ ಕಡೆ, ಇನ್ನೊಬ್ಬರು ಕಾಲಿನ ಕಡೆ ಹಿಡಿದು ಮಂಚದ ಮೇಲೆ ಮಲಗಿಸಿದರು. ಸಾಮಾನ್ಯವಾಗಿ ನಾವು ಕಥೆಯನ್ನು ಇಲ್ಲಿಗೇ ನಿಲ್ಲಿಸಿ, ಎಂಥ ಕರುಣೆ ಎನ್ನುತ್ತೇವೆ. ಮುಂದೆ ನಡೆದದ್ದು ಅದಕ್ಕಿಂತ ದೊಡ್ಡದು. ತಥಾಗತರು ಸಂಘವನ್ನು ಕರೆದು ನಿಯಮ ಮಾಡಿದರು. ಗುರು ಇದ್ದರೆ ಗುರು, ಶಿಷ್ಯ ಇದ್ದರೆ ಶಿಷ್ಯ ರೋಗಿಯನ್ನು ನೋಡಿಕೊಳ್ಳಬೇಕು. ಯಾರೂ ಇಲ್ಲದಿದ್ದರೆ ಇಡೀ ಸಂಘವೇ ನೋಡಿಕೊಳ್ಳಬೇಕು. ನೋಡದಿದ್ದರೆ ಅದು ದೋಷ. ಹೀಗೆ ಕರುಣೆ ಒಬ್ಬರ ಒಳ್ಳೆಯತನಕ್ಕೆ ಬಿಟ್ಟ ವಿಷಯವಾಗಿ ಉಳಿಯಲಿಲ್ಲ, ಎಲ್ಲರ ಕರ್ತವ್ಯವಾಯಿತು.

ಮೊದಲ ಹೊಣೆ ಮಕ್ಕಳದೇ. ಸಿಗಾಲೋವಾದ ಸುತ್ತವೂ ಅದನ್ನೇ ಹೇಳುತ್ತದೆ. ಆದರೆ ಮನೆಯವರಿಂದ ಆಗದಿದ್ದಾಗ ಏನು ಮಾಡಬೇಕು? ನಮ್ಮ ಹಳ್ಳಿಗಳಲ್ಲಿ ‘ವೃದ್ಧಾಶ್ರಮ’ ಎಂಬುದು ಬೈಗುಳದಂತಾಗಿದೆ. ಮುಪ್ಪಿನವರಿಗೆ ಶುಚಿಯಾದ ಹಾಸಿಗೆ, ಹೊತ್ತಿಗೆ ಊಟ, ಮಾತಾಡಿಸುವ ಜನ ಸಿಗುವ ಜಾಗ ಅವಮಾನವಲ್ಲ. ಯಾರೂ ಇಲ್ಲದೆ ಅವರು ಬಿದ್ದಿರುವುದೇ ಅವಮಾನ.

2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆ ಜಿಲ್ಲೆಗೆ ಕನಿಷ್ಠ ಒಂದು ವೃದ್ಧಾಶ್ರಮ, ಅದರಲ್ಲಿ ಕನಿಷ್ಠ 150 ಬಡ ವೃದ್ಧರಿಗೆ ಜಾಗ ಎಂದು ಹೇಳುತ್ತದೆ. ಆದರೆ ಸರ್ಕಾರ ಸ್ಥಾಪಿಸ‘ಬಹುದು’ ಎಂದಷ್ಟೇ ಅದರಲ್ಲಿದೆ. ತಥಾಗತರ ನಿಯಮದಲ್ಲಿದ್ದದ್ದು ‘ಬೇಕು’. ಈ ‘ಬಹುದು’ ಮತ್ತು ‘ಬೇಕು’ಗಳ ನಡುವೆ ನಮ್ಮ ಹಿರಿಯರು ಸಿಕ್ಕಿಕೊಂಡಿದ್ದಾರೆ. ಜಿಲ್ಲೆಗೊಂದು ಆಶ್ರಮವಾದರೂ ಹಳ್ಳಿಯ ಅಜ್ಜನಿಗೆ ಅದು ಪರಸ್ಥಳವೇ. ಆರೈಕೆ ಊರಿಗೇ ಬರಬೇಕು.

ಇನ್ನೊಂದು ಮಾತು. ರೋಗಿಯ ಆರೈಕೆ ಮಾಡುವವರಿಗೆ ಐದು ಗುಣ ಇರಬೇಕು ಎಂದು ವಿನಯದಲ್ಲಿದೆ. ಅದರಲ್ಲಿ ಒಂದು, ಮಲಮೂತ್ರ, ವಾಂತಿಗೆ ಅಸಹ್ಯಪಡದಿರುವುದು. ಈ ದೇಶದಲ್ಲಿ ಹೊಲಸು ಬಳಿಯುವ ಕೆಲಸವನ್ನು ಹುಟ್ಟಿಗೆ ಕಟ್ಟಿ, ನಮ್ಮವರ ತಲೆಯ ಮೇಲೆ ಹೊರಿಸಿದರು. ತಥಾಗತರು ಅದೇ ಕೆಲಸಕ್ಕೆ ತಾವೇ ಕೈ ಹಾಕಿ ಹುಟ್ಟಿನ ಗಂಟನ್ನು ಬಿಚ್ಚಿದರು. ಹಾಗಾಗಿ ವೃದ್ಧಾಶ್ರಮದಲ್ಲಿ ತೊಳೆಯುವ ಕೆಲಸ ನಮ್ಮ ಹೆಣ್ಣುಮಕ್ಕಳಿಗೆ, ಅಡುಗೆ ಕೆಲಸ ಇನ್ಯಾರಿಗೋ ಎಂದಾದರೆ ನಾವು ಪ್ರಶ್ನಿಸಬೇಕು. ಆ ಆಯಾಗಳಿಗೆ ಸರಿಯಾದ ಸಂಬಳ, ಕೈಗವಸು, ಗೌರವ ಕೇಳುವುದೂ ಧಮ್ಮವೇ.

ನಾವು ಏನು ಮಾಡಬಹುದು?

ಎಷ್ಟೋ ಊರುಗಳ ಅಂಬೇಡ್ಕರ್ ಭವನಗಳು ಜಯಂತಿಗೂ ಮದುವೆಗೂ ಬಾಗಿಲು ತೆರೆದು, ಉಳಿದ ದಿನ ಬೀಗ ಹಾಕಿಕೊಂಡಿರುತ್ತವೆ. ಹಗಲು ಹೊತ್ತು ಅಲ್ಲಿ ಹಿರಿಯರು ಕೂರಲಿ. ಮಧ್ಯಾಹ್ನದ ಊಟಕ್ಕೆ ಮನೆಗಳು ಸರದಿ ಹಾಕಿಕೊಳ್ಳಲಿ.

ಒಂಟಿಯಾಗಿರುವ ಹಿರಿಯರ ಹೆಸರನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯೋಣ. ಪ್ರತಿ ಹೆಸರಿನ ಮುಂದೆ, ದಿನಕ್ಕೊಮ್ಮೆ ಹೋಗಿ ನೋಡಿಬರುವ ಒಬ್ಬರ ಹೆಸರಿರಲಿ.

ಪಿಂಚಣಿ ನಿಂತಿದ್ದರೆ ನಾಡಕಚೇರಿಗೆ ಅವರ ಜೊತೆ ಹೋಗೋಣ. ಮಕ್ಕಳು ಅನುಕೂಲವಿದ್ದೂ ಕೈಬಿಟ್ಟಿದ್ದರೆ ಎ.ಸಿ. ಕಚೇರಿಗೆ ಅರ್ಜಿ ಕೊಡಬಹುದು. ಹಿರಿಯರಿಗೆ ಸ್ವತಃ ಆಗದಿದ್ದರೆ ಅವರು ಒಪ್ಪಿಸಿದ ವ್ಯಕ್ತಿ ಅಥವಾ ಸಂಸ್ಥೆ ಕೊಡಬಹುದು. ಹಿರಿಯ ನಾಗರಿಕರ ಸಹಾಯವಾಣಿ 14567. ಗ್ರಾಮಸಭೆಯಲ್ಲಿ ರಸ್ತೆ, ಚರಂಡಿಯ ಜೊತೆಗೆ ಮುಪ್ಪಿನವರ ಆರೈಕೆಯನ್ನೂ ಎತ್ತೋಣ.

ಸಂಘಂ ಶರಣಂ ಎಂದು ದಿನಾ ಹೇಳುತ್ತೇವೆ. ಶರಣು ಬಂದವರನ್ನು ಕಾಯುವ ಶಕ್ತಿ ಸಂಘಕ್ಕೆ ಇರಬೇಕು. ಇಂದು ಸಂಜೆಯ ವಂದನೆಗೆ ಮೊದಲು ನಿಮ್ಮ ಬೀದಿಯ ಒಬ್ಬ ಹಿರಿಯರ ಮನೆ ಬಾಗಿಲಿಗೆ ಹೋಗಿ, ಊಟ ಆಯ್ತಾ ಅಂತ ಕೇಳಿ ಬನ್ನಿ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್.