ಛಾಯಾಚಿತ್ರವೂ ಸತ್ಯವೂ

ಕಳೆದ ಅಮಾವಾಸ್ಯೆಯ ರಾತ್ರಿ ನನ್ನ ಮೊಮ್ಮಗನು ನಮ್ಮೂರ ಕೆರೆಯ ಏರಿಯ ಮೇಲೆ ನಿಂತು ಆಕಾಶಗಂಗೆಯ ಛಾಯಾಚಿತ್ರವನ್ನು ತೆಗೆದು, ಮರುದಿನ ನನಗೆ ತೋರಿಸಿದನು. ನೀಲ ಪಾಟಲ ವರ್ಣಗಳಿಂದ ಜ್ವಲಿಸುತ್ತಿದ್ದ ಆ ಗಗನವನ್ನು ಕಂಡು, "ಅದೇ ಏರಿಯ ಮೇಲೆ ಅರುವತ್ತು ವರ್ಷ ಅಡ್ಡಾಡಿದ ನನ್ನ ಕಣ್ಣಿಗೆ ಇದೆಂದೂ ಬಿದ್ದುದಿಲ್ಲ; ಇದು ಸುಳ್ಳು" ಎಂದುಬಿಟ್ಟೆನು. ಹುಡುಗನು ಮಾತಾಡದೆ ಎದ್ದುಹೋದನು. ಅಂದಿನಿಂದ ಈ ವಿಚಾರವು ನನ್ನನ್ನು ಬಿಟ್ಟಿಲ್ಲ.

ಕಣ್ಣಿಗೆ ಕಾಣದುದೆಲ್ಲ ಅಸತ್ಯವೆಂದು ತಾರ್ಕಿಕರು ಹೇಳರು. ನಮ್ಮ ಕಣ್ಣು ಬೆಳಕನ್ನು ಕೂಡಿಡಲಾರದು. ಯಂತ್ರವಾದರೋ ಇಪ್ಪತ್ತು ಮೂವತ್ತು ಸೆಕೆಂಡು ತೆರೆದಿದ್ದು, ಹನಿಹನಿಯಾಗಿ ಬಂದ ಬೆಳಕನ್ನು ಸಂಗ್ರಹಿಸುತ್ತದೆ. ಮಂದಪ್ರಕಾಶದಲ್ಲಿ ನಮ್ಮ ದೃಷ್ಟಿಗೆ ವರ್ಣಜ್ಞಾನವೂ ಇಲ್ಲ. ಆ ಬಣ್ಣಗಳು ನನಗೆ ದೊರೆಯಲಿಲ್ಲವೆಂದ ಮಾತ್ರಕ್ಕೆ ಇಲ್ಲವೆನ್ನಲಾಗದು. ಇಷ್ಟರಮಟ್ಟಿಗೆ ಸೋಲು ನನ್ನದೇ. ಆದರೆ ಚಿತ್ರ ತೆಗೆದವನು ಆಮೇಲೆ ಮನೆಯಲ್ಲಿ ಕುಳಿತು ತಿದ್ದುವನಲ್ಲ, ಅದಕ್ಕೇನೆನ್ನೋಣ?

ಅಮೆರಿಕದ ಆನ್ಸೆಲ್ ಆಡಮ್ಸರು 1941ರ ಒಂದು ಸಂಜೆ ನ್ಯೂ ಮೆಕ್ಸಿಕೋ ಪ್ರಾಂತದ ಹರ್ನಾಂಡೆಜ್ ಎಂಬ ಹಳ್ಳಿಯ ಬಳಿ ಕಾರಿನಲ್ಲಿ ಹೋಗುತ್ತಿದ್ದರು. ಬೆಟ್ಟಗಳ ಮೇಲೆ ಚಂದ್ರ; ಸ್ಮಶಾನದ ಬಿಳಿಯ ಶಿಲುಬೆಗಳ ಮೇಲೆ ಕಡೆಯ ಬಿಸಿಲು. ಬೆಳಕನ್ನಳೆಯುವ ಉಪಕರಣವು ಕೈಗೆ ಸಿಕ್ಕಲಿಲ್ಲ. ಚಂದ್ರನ ಪ್ರಕಾಶದ ಪರಿಮಾಣವು ಕಂಠಸ್ಥವಾಗಿದ್ದುದರಿಂದ ಲೆಕ್ಕಹಾಕಿ ಒಂದು ಚಿತ್ರವನ್ನು ತೆಗೆದರು. (ಬಾಯಿಪಾಠವನ್ನು ಹಳಿಯುವ ಹೊಸ ಉಪಾಧ್ಯಾಯರು ಇದನ್ನು ಗಮನಿಸಬೇಕು.) ಎರಡನೆಯದಕ್ಕೆ ಸಿದ್ಧರಾಗುವಷ್ಟರಲ್ಲಿ ಶಿಲುಬೆಗಳ ಮೇಲಿನ ಬಿಸಿಲು ಹೋಯಿತು. ಮುಂದೆ ದಶಕಗಳ ಕಾಲ ಆ ಒಂದೇ ನೆಗೆಟಿವಿನಿಂದ ಪ್ರತಿಗಳನ್ನು ಮುದ್ರಿಸುತ್ತ, ಆಕಾಶವನ್ನು ಹೆಚ್ಚು ಹೆಚ್ಚಾಗಿ ಕಪ್ಪುಮಾಡುತ್ತ ಬಂದರು. ತೆಳುಮೋಡಗಳು ಅದರಲ್ಲಿ ಮುಳುಗಿದುವು.

ವಿನೋದವೆಂದರೆ, ಚಿತ್ರ ತೆಗೆದ ದಿನವೇ ಅವರಿಗೆ ನೆನಪಿರಲಿಲ್ಲ. ವರ್ಷವನ್ನೂ ಬೇರೆಬೇರೆಯಾಗಿ ಹೇಳಿದ್ದರು. 1991ರಲ್ಲಿ ಡೆನ್ನಿಸ್ ಡಿ ಚಿಕ್ಕೋ ಎಂಬವರು ಚಿತ್ರದಲ್ಲಿನ ಚಂದ್ರನ ಸ್ಥಾನವನ್ನು ಗಣಿಸಿ, ಅದು 1941 ನವೆಂಬರ್ 1ರ ಸಂಜೆ 4 ಗಂಟೆ 49 ನಿಮಿಷವೆಂದು ನಿರ್ಣಯಿಸಿದರು. ತೆಗೆದವರ ಮಾತು ತಪ್ಪಿತು, ಅನುಮಾನಪ್ರಮಾಣವು ಗೆದ್ದಿತು. ಗಗನವನ್ನು ಕಪ್ಪುಮಾಡಿದ ಕೈಯಿ ಚಂದ್ರನನ್ನು ಕದಲಿಸಿರಲಿಲ್ಲವಷ್ಟೆ! ಕಪ್ಪುಮಾಡಿದುದನ್ನು ಕವಿಯ ಅತಿಶಯೋಕ್ತಿಯಂತೆ ಕ್ಷಮಿಸಬಹುದು. ಬೇರೆಡೆಯ ದೊಡ್ಡ ಚಂದ್ರನನ್ನು ತಂದು ಬೆಟ್ಟದ ನೆತ್ತಿಗೆ ಅಂಟಿಸುವವರೂ ಇಂದು ಉಂಟು, ಅದು ಕೂಟಸಾಕ್ಷ್ಯ.

ಮೊಮ್ಮಗನನ್ನು ಕರೆದು, "ನಕ್ಷತ್ರಗಳನ್ನೇನಾದರೂ ಸೇರಿಸಿದೆಯೇನಪ್ಪಾ?" ಎಂದು ಕೇಳಿದೆನು.

"ಇಲ್ಲ ತಾತ. ಏರಿಯ ಮೇಲಿನ ದೀಪದ ಕಂಬವನ್ನು ಮಾತ್ರ ಅಳಿಸಿದ್ದೇನೆ" ಎಂದನು.

ಆ ಕಂಬಕ್ಕಾಗಿ ಮೂರು ವರ್ಷ ಅರ್ಜಿ ಬರೆದವನು ನಾನೇ.