ವೇತನ ಮತ್ತು ವೇದಾಂತ

ನವರಾತ್ರಿಯ ಮೂಲಾ ನಕ್ಷತ್ರದಂದು ಪುಸ್ತಕಗಳನ್ನು ಪೀಠದ ಮೇಲಿರಿಸಿ ಶಾರದೆಯನ್ನು ಆವಾಹಿಸುತ್ತೇವೆ. ಮಹಾನವಮಿಯಂದು ಅವರವರ ಕಸುಬಿನ ಉಪಕರಣಗಳಿಗೆ ಅರಿಸಿನ ಕುಂಕುಮವಿಟ್ಟು ಆಯುಧಪೂಜೆ ನೆರವೇರಿಸುತ್ತೇವೆ. ಬಡಗಿ ತನ್ನ ಉಳಿಗೆ, ದರ್ಜಿ ಹೊಲಿಗೆಯಂತ್ರಕ್ಕೆ, ಚಾಲಕ ತನ್ನ ವಾಹನಕ್ಕೆ ಕೈಮುಗಿಯುತ್ತಾನೆ. ಹೊಟ್ಟೆಪಾಡಿಗಾಗಿ ಪರಪ್ರಾಂತಗಳಲ್ಲಿ ನೆಲೆಸಿದ ಕನ್ನಡಿಗರೂ ಈ ಎರಡು ಪೂಜೆಗಳನ್ನು ಬಿಟ್ಟವರಲ್ಲ. ಅಧ್ಯಾಪಕನ ಪಾಲಿಗೆ ಮಾತ್ರ ಇವೆರಡೂ ಒಂದೇ ಆಗಿಬಿಡುತ್ತವೆ. ದೇವಿಯೆಂದು ಪೂಜಿಸಿದ ಪುಸ್ತಕವೇ ಅವನ ಜೀವಿಕೆಯ ಆಯುಧವೂ ಆಗಿರುತ್ತದೆ. ಗಣಿತವನ್ನೋ ಭೂಗೋಳವನ್ನೋ ಕಲಿಸುವವನಿಗೆ ಇದರಿಂದ ಯಾವ ಇಕ್ಕಟ್ಟೂ ಇಲ್ಲ. ಆದರೆ ಕಲಾ ಕಾಲೇಜೊಂದರಲ್ಲಿ ತತ್ತ್ವಶಾಸ್ತ್ರವನ್ನು ಬೋಧಿಸುವವನ ಸ್ಥಿತಿಯನ್ನು ನೋಡಿ. ಆತ್ಮವು ನಿತ್ಯವೋ ಅನಿತ್ಯವೋ, ಈಶ್ವರನಿದ್ದಾನೆಯೋ ಇಲ್ಲವೋ ಎಂಬುದನ್ನು ಗಂಟೆ ಬಾರಿಸುವುದರೊಳಗೆ ವಿವರಿಸಿ ಮುಗಿಸಬೇಕು. ಬೆಳಿಗ್ಗೆ ವೈರಾಗ್ಯವನ್ನು ಬೋಧಿಸಿ, ಮಧ್ಯಾಹ್ನ ಬಡ್ತಿಗೆ ಅರ್ಜಿ ಬರೆಯಬೇಕು. ಮೋಕ್ಷದ ಸ್ವರೂಪವನ್ನು ಕುರಿತ ಉತ್ತರಕ್ಕೆ ಹತ್ತರಲ್ಲಿ ಆರೂವರೆ ಅಂಕವಿತ್ತು ಮುಂದಿನ ಪತ್ರಿಕೆಯನ್ನೆತ್ತಿಕೊಳ್ಳಬೇಕು.

ಇಂತಹ ವೃತ್ತಿಯಲ್ಲಿ ಒಂದು ಆಯುಷ್ಯವನ್ನು ಕಳೆಯುವುದು ಸಾಧುವೇ? ಪರವಿದ್ಯೆಯನ್ನು ಸಂಬಳಕ್ಕೆ ಹೇಳುವುದು ವಿದ್ಯಾವಿಕ್ರಯವಲ್ಲವೇ? ಪ್ರಶ್ನೆ ಹೊಸದಲ್ಲ. ನಮ್ಮಲ್ಲಿಯೂ ಗ್ರೀಕರಲ್ಲಿಯೂ ಇದು ಬಹು ಹಿಂದೆಯೇ ಎದ್ದಿತ್ತು.

ಸಾಕ್ರಟೀಸನು ಯಾರಿಂದಲೂ ಶುಲ್ಕ ತೆಗೆದುಕೊಂಡವನಲ್ಲ. ತನ್ನ ಬಡತನವನ್ನೇ ಅದಕ್ಕೆ ಸಾಕ್ಷಿಯಾಗಿ ನ್ಯಾಯಸಭೆಯ ಮುಂದಿಟ್ಟವನು. ಊರೂರು ತಿರುಗಿ ಹಣಕ್ಕೆ ಕಲಿಸುತ್ತಿದ್ದ ಸೋಫಿಸ್ಟರನ್ನು ಅವನ ಶಿಷ್ಯ ಪ್ಲೇಟೋ ಜ್ಞಾನದ ವ್ಯಾಪಾರಿಗಳೆಂದು ಹಳಿದನು. ಆದರೆ ಅದೇ ಪ್ಲೇಟೋ ಆ ಸೋಫಿಸ್ಟರಲ್ಲಿ ಅಗ್ರಗಣ್ಯನಾದ ಪ್ರೊಟಾಗೊರಸನ ಬಾಯಿಂದ ಒಂದು ಸ್ವಾರಸ್ಯದ ಸಂಗತಿಯನ್ನು ಹೇಳಿಸಿದ್ದಾನೆ. ಕೇಳಿದಷ್ಟು ಶುಲ್ಕವನ್ನು ಕೊಡಲೊಪ್ಪದ ಶಿಷ್ಯನು ದೇವಾಲಯಕ್ಕೆ ಹೋಗಿ, ತಾನು ಕಲಿತ ವಿದ್ಯೆಯ ಬೆಲೆ ಇಷ್ಟೆಂದು ಪ್ರಮಾಣ ಮಾಡಿ, ಅಷ್ಟನ್ನು ಮಾತ್ರ ಅಲ್ಲಿ ಇಟ್ಟರೆ ಸಾಕಂತೆ! ನಮ್ಮ ಇಂದಿನ ಶುಲ್ಕಪದ್ಧತಿಯನ್ನು ನೆನೆದಾಗ ಈ ವ್ಯಾಪಾರಿಯ ಮೇಲೆ ನನಗೆ ಗೌರವವೇ ಹುಟ್ಟುತ್ತದೆ. ಅರಿಸ್ಟಾಟಲನು ನೀತಿಶಾಸ್ತ್ರದ ತನ್ನ ಗ್ರಂಥದಲ್ಲಿ ಇದನ್ನು ನೆನೆದು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತಾನೆ. ತತ್ತ್ವವನ್ನು ಕಲಿಸಿದವನ ಋಣ ದೇವರ ಋಣ, ತಾಯಿತಂದೆಯರ ಋಣ ಇದ್ದಂತೆ; ಅದನ್ನು ಹಣದಿಂದ ಅಳೆಯಲಾಗದು, ನಮ್ಮ ಕೈಲಾದುದನ್ನು ಸಲ್ಲಿಸಿದರೆ ಆಯಿತು ಎಂಬುದು ಅವನ ಅಭಿಪ್ರಾಯ.

ಉಪನಿಷತ್ತುಗಳಲ್ಲಿಯೂ ಗುರುವೆಂದರೆ ಕಾಸು ಮುಟ್ಟದ ಮೌನಿ ಎಂಬ ಚಿತ್ರವೊಂದೇ ಇಲ್ಲ. ಬೃಹದಾರಣ್ಯಕದ ಯಾಜ್ಞವಲ್ಕ್ಯರನ್ನು ನೋಡಿ. ಜನಕನು ಕೊಂಬುಗಳಿಗೆ ಚಿನ್ನ ಕಟ್ಟಿಸಿದ ಸಾವಿರ ಗೋವುಗಳನ್ನು ನಿಲ್ಲಿಸಿ, ನಿಮ್ಮಲ್ಲಿ ಬ್ರಹ್ಮಿಷ್ಠರಾದವರು ಇವನ್ನು ಹೊಡೆದುಕೊಂಡು ಹೋಗಿ ಎಂದಾಗ, ಚರ್ಚೆ ಆರಂಭವಾಗುವುದಕ್ಕೆ ಮೊದಲೇ ಅವರು ಶಿಷ್ಯನಿಗೆ ಗೋವುಗಳನ್ನು ಹೊಡೆಸಿಬಿಡುತ್ತಾರೆ. ನೀನೇ ಬ್ರಹ್ಮಿಷ್ಠನೋ ಎಂದು ಕೆಣಕಿದವರಿಗೆ, ಬ್ರಹ್ಮಿಷ್ಠನಿಗೆ ನಮಸ್ಕಾರ, ನಮಗೆ ಬೇಕಾದದ್ದು ಗೋವುಗಳು ಎಂಬರ್ಥದ ಉತ್ತರ ಕೊಡುತ್ತಾರೆ. ಋಷಿಯ ಈ ನಗೆಯಲ್ಲಿ ಕಪಟವಿಲ್ಲ. ಅದೇ ಯಾಜ್ಞವಲ್ಕ್ಯರು ಮುಂದೆ ಜನಕನ ಏಕಾಂತದಲ್ಲಿ ಬೇರೆಯೇ ನಿಲುವು ತಳೆಯುತ್ತಾರೆ. ಒಂದೊಂದು ಉಪದೇಶಕ್ಕೂ ರಾಜನು ಸಾವಿರ ಗೋವುಗಳನ್ನು ಕೊಡುತ್ತೇನೆನ್ನುವಾಗ, ಪೂರ್ಣವಾಗಿ ಕಲಿಸದೆ ಏನನ್ನೂ ತೆಗೆದುಕೊಳ್ಳಕೂಡದೆಂಬುದು ನನ್ನ ತಂದೆಯ ಮತ ಎಂದು ಮತ್ತೆ ಮತ್ತೆ ತಡೆಯುತ್ತಾರೆ. ತೆಗೆದುಕೊಳ್ಳುವುದೇ ತಪ್ಪೆಂದು ಆ ತಂದೆ ಹೇಳಲಿಲ್ಲ. ಕಲಿಸದೆ ತೆಗೆದುಕೊಳ್ಳುವುದು ತಪ್ಪೆಂದರು. ತರಗತಿಗೆ ಹೋಗದೆ ಹಾಜರಿಪುಸ್ತಕದಲ್ಲಿ ಮಾತ್ರ ಪಾಠ ಮುಗಿಸುವವರು ಇದನ್ನು ಕೇಳಿಸಿಕೊಳ್ಳಬೇಕು.

ಕಾಳಿದಾಸನ ‘ಮಾಲವಿಕಾಗ್ನಿಮಿತ್ರ’ದಲ್ಲಿ ಅರಮನೆಯ ವೇತನ ಪಡೆಯುವ ಇಬ್ಬರು ನಾಟ್ಯಾಚಾರ್ಯರು ತಮ್ಮಲ್ಲಿ ಹಿರಿಯರು ಯಾರೆಂದು ಜಗಳವಾಡುತ್ತಾರೆ. ಕೇವಲ ಜೀವಿಕೆಗಾಗಿ ವಿದ್ಯೆಯನ್ನಿಟ್ಟುಕೊಂಡು ವಾದಕ್ಕೆ ಅಂಜುವವನು ಜ್ಞಾನವನ್ನು ಮಾರುವ ವರ್ತಕನೆಂಬ ಮಾತು ಆಗ ಬರುತ್ತದೆ. ಅದನ್ನಾಡುವವನೂ ಸಂಬಳದ ಆಚಾರ್ಯನೇ ಎಂಬುದನ್ನು ಮರೆಯಬಾರದು. ಮಾತಿನ ತೂಕವೆಲ್ಲ ‘ಕೇವಲ’ ಎಂಬಲ್ಲಿದೆ.

ಕನ್ನಡನಾಡಿನ ಶರಣರು ಈ ವಿಷಯದಲ್ಲಿ ಇನ್ನೂ ಖಚಿತವಾಗಿದ್ದರು. ಕಾಯಕದಿಂದ ಬಂದುದು ಶುದ್ಧ, ಆದರೆ ಬೇಕಾದುದಕ್ಕಿಂತ ಹೆಚ್ಚು ತಂದುದು ಅಶುದ್ಧ. ಆಯ್ದಕ್ಕಿ ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬಾ ಎಂದು ಕಳುಹಿದವಳು ಅವನ ಮಡದಿ ಲಕ್ಕಮ್ಮ. ವೇತನದ ಪ್ರಶ್ನೆಯನ್ನು ಲಕ್ಕಮ್ಮ ಬಗೆಹರಿಸಿದಷ್ಟು ಚೊಕ್ಕಟವಾಗಿ ಪ್ಲೇಟೋ ಬಗೆಹರಿಸಲಿಲ್ಲವೆಂದೇ ನಾನು ತಿಳಿದಿದ್ದೇನೆ. ತತ್ತ್ವಶಾಸ್ತ್ರದ ಅಧ್ಯಾಪಕನೂ ಉಣ್ಣಬೇಕು, ಅವನ ಮಕ್ಕಳೂ ಓದಬೇಕು. ಹಣದ ಮಾತು ಇಷ್ಟಕ್ಕೆ ಸಾಕು.

ಇದಕ್ಕಿಂತ ಕಠಿನವಾದ ಆಕ್ಷೇಪವೊಂದಿದೆ. ಬೆಲ್ಲವನ್ನು ನಾಲಗೆಗೆ ಮುಟ್ಟಿಸದವನು ಸಿಹಿಯ ಲಕ್ಷಣವನ್ನು ಬರೆಸುವುದು ಸರಿಯೇ? ಛಾಂದೋಗ್ಯದಲ್ಲಿ ನಾರದರು ಸನತ್ಕುಮಾರರ ಬಳಿ ಬಂದು, ವೇದ ಇತಿಹಾಸಗಳಿಂದ ಗಣಿತ ತರ್ಕಗಳವರೆಗೆ ತಾವು ಓದಿದ್ದನ್ನೆಲ್ಲ ಪಟ್ಟಿಮಾಡಿ ಹೇಳುತ್ತಾರೆ. ಇಂದಿನ ಯಾವ ಕಲಾ ಕಾಲೇಜಿನ ಪಠ್ಯಕ್ರಮವೂ ಆ ಪಟ್ಟಿಗೆ ಸಮನಾಗಲಾರದು. ಇಷ್ಟಾದರೂ ನಾನು ಮಂತ್ರಗಳನ್ನು ಬಲ್ಲವನೇ ಹೊರತು ಆತ್ಮವನ್ನು ಬಲ್ಲವನಲ್ಲ, ದುಃಖಿಯಾಗಿದ್ದೇನೆ ಎಂದು ಅವರು ಒಪ್ಪಿಕೊಳ್ಳುತ್ತಾರೆ. ಮುಂಡಕೋಪನಿಷತ್ತು ಗುರುವಿಗೆ ಎರಡು ಅರ್ಹತೆಗಳನ್ನು ವಿಧಿಸಿದೆ: ಅವನು ಶ್ರೋತ್ರಿಯನಾಗಿರಬೇಕು, ಬ್ರಹ್ಮನಿಷ್ಠನೂ ಆಗಿರಬೇಕು. ಕಾಲೇಜಿನ ಆಯ್ಕೆ ಸಮಿತಿಯು ಮೊದಲನೆಯದನ್ನು ಪದವಿಪತ್ರಗಳಿಂದ ಹೇಗೋ ಪರೀಕ್ಷಿಸಬಹುದು. ಎರಡನೆಯದಕ್ಕೆ ಪ್ರಮಾಣಪತ್ರ ಕೊಡುವ ವಿಶ್ವವಿದ್ಯಾಲಯ ಎಲ್ಲಿಯೂ ಇಲ್ಲ.

ಈ ಸಂದರ್ಭದಲ್ಲಿ ನೆನಪಿಗೆ ಬರುವವರು ಗುರುದೇವ ರಾ. ದ. ರಾನಡೆಯವರು. 1886ರಲ್ಲಿ ಜಮಖಂಡಿಯಲ್ಲಿ ಜನಿಸಿದ ಅವರು ವಿದ್ಯಾರ್ಥಿದೆಸೆಯಲ್ಲಿಯೇ ಉಮದಿಯ ಭಾವುಸಾಹೇಬ ಮಹಾರಾಜರಿಂದ ನಾಮದೀಕ್ಷೆಯನ್ನು ಪಡೆದರು. 1914ರಲ್ಲಿ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಅಧ್ಯಾಪಕರಾದರು. ಅಲ್ಪ ವೇತನಕ್ಕೆ ವರ್ಷಗಟ್ಟಲೆ ದುಡಿಯುವ ಸಂಕಲ್ಪ ತೊಟ್ಟ ಆಜೀವ ಸದಸ್ಯರು ಕಟ್ಟಿ ಬೆಳೆಸಿದ ಕಾಲೇಜು ಅದು. ಮುಂದೆ ಅವರು ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿ 1946ರಲ್ಲಿ ನಿವೃತ್ತರಾದರು. ಬಿಜಾಪುರ ಸೀಮೆಯ ನಿಂಬಾಳದಲ್ಲಿ ನಾಮಸ್ಮರಣೆಯಲ್ಲಿ ನೆಲೆಸಿ 1957ರಲ್ಲಿ ದೇಹವಿಟ್ಟರು. ಕನ್ನಡ ಸಂತರ ಭಗವನ್ಮಾರ್ಗವನ್ನು ಕುರಿತ ಅವರ ಇಂಗ್ಲಿಷ್ ಗ್ರಂಥವು ಅವರ ನಿಧನಾನಂತರ ಬೆಳಕು ಕಂಡಿತು.

ಜಪವನ್ನೇ ಉಸಿರಾಗಿಸಿಕೊಂಡ ಈ ಪ್ರಾಧ್ಯಾಪಕರು 1926ರಲ್ಲಿ ಉಪನಿಷತ್ತುಗಳ ಮೇಲೆ ಪ್ರಕಟಿಸಿದ ಸಮೀಕ್ಷೆಯನ್ನು ತೆರೆದು ನೋಡಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಅದರಲ್ಲಿ ಏಳು ಅಧ್ಯಾಯಗಳಿವೆ. ಹಿನ್ನೆಲೆ, ಸೃಷ್ಟಿವಿಚಾರ, ಮನೋವಿಚಾರ, ಮುಂದಿನ ದರ್ಶನಗಳ ಬೇರುಗಳು, ಪರತತ್ತ್ವದ ಸಮಸ್ಯೆ, ನೀತಿ ಇಷ್ಟನ್ನೂ ಹೇಳಿದ ಮೇಲೆ, ಕಟ್ಟಕಡೆಯ ಅಧ್ಯಾಯದಲ್ಲಿಯೇ ಆತ್ಮಸಾಕ್ಷಾತ್ಕಾರದ ಸೂಚನೆಗಳು ಬರುತ್ತವೆ. ಸ್ವತಃ ಸಾಧಕರಾದವರಿಗೆ ಅದನ್ನೇ ಮೊದಲು ಹೇಳಿಬಿಡುವ ಆತುರ ಸಹಜವಾಗಿತ್ತು. ಅವರು ಆತುರಪಡಲಿಲ್ಲ. ಗ್ರೀಕ್ ತತ್ತ್ವಜ್ಞರಾದ ಹೆರಾಕ್ಲೈಟಸ್, ಅರಿಸ್ಟಾಟಲರ ಮೇಲೆ ಪ್ರಬಂಧಗಳನ್ನು ಬರೆದವರೂ ಇವರೇ. ನಾಮವನ್ನು ಜಪಿಸಿದ ನಾಲಗೆಯೇ ಈಲಿಯಾದ ತಾರ್ಕಿಕರನ್ನು ಅರಿಸ್ಟಾಟಲನು ಖಂಡಿಸಿದ ಬಗೆಯನ್ನೂ ವಿವರಿಸಿತು. ಒಂದು ಇನ್ನೊಂದಕ್ಕೆ ಮೈಲಿಗೆಯೆಂದು ಅವರಿಗೆ ತೋರಲಿಲ್ಲ.

ಈ ಗುರುಪರಂಪರೆಯಲ್ಲಿಯೇ ಇನ್ನೊಂದು ಕವಲಿದೆ. ಭಾವುಸಾಹೇಬ ಮಹಾರಾಜರ ಮತ್ತೊಬ್ಬ ಶಿಷ್ಯರು ಸಿದ್ಧರಾಮೇಶ್ವರ ಮಹಾರಾಜರು. ಅವರ ಶಿಷ್ಯರು ಮುಂಬಯಿಯ ಖೇತವಾಡಿಯಲ್ಲಿದ್ದ ನಿಸರ್ಗದತ್ತ ಮಹಾರಾಜರು. ಇವರು ಬೀಡಿ ಅಂಗಡಿ ಇಟ್ಟು ಸಂಸಾರ ಸಾಗಿಸಿದವರು, ಹೆಚ್ಚು ಶಾಲೆ ಕಂಡವರಲ್ಲ. 1981ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ದೇಶವಿದೇಶಗಳ ಜಿಜ್ಞಾಸುಗಳು ಅವರ ಚಿಕ್ಕ ಕೋಣೆಯನ್ನು ಹುಡುಕಿಕೊಂಡು ಬರುತ್ತಿದ್ದರು. ಒಂದೇ ಬೇರಿನಿಂದ ಒಬ್ಬರು ಪ್ರಾಧ್ಯಾಪಕರು, ಇನ್ನೊಬ್ಬರು ಅಂಗಡಿಕಾರರು! ಅನುಭಾವಕ್ಕೆ ಪದವಿ ಬೇಡವೆಂದು ಇದರಿಂದ ಕೆಲವರು ತೀರ್ಮಾನಿಸುತ್ತಾರೆ. ಅದು ನಿಜವೇ. ಆದರೆ ಹಾಗೆಂದು ತತ್ತ್ವಶಾಸ್ತ್ರದ ತರಗತಿಗಳನ್ನು ಮುಚ್ಚಿಬಿಡೋಣವೆಂಬುದು ಅಡ್ಡದಾರಿ. ಖೇತವಾಡಿಗೆ ಬರುತ್ತಿದ್ದವನು ತಾನಾಗಿ ಹಸಿದು ಬಂದವನು. ಕಾಲೇಜಿನ ಬೆಂಚಿನ ಮೇಲೆ ಕುಳಿತವರಲ್ಲಿ ಹಸಿದವನೂ ಇದ್ದಾನೆ, ಹಸಿವೆಯೆಂದರೇನೆಂದು ಅರಿಯದವನೂ ಇದ್ದಾನೆ, ವೇಳಾಪಟ್ಟಿಯಲ್ಲಿ ಬೇರೆ ವಿಷಯ ದೊರೆಯದೆ ಬಂದವನೂ ಇದ್ದಾನೆ. ಶೈವ, ವೈಷ್ಣವ, ಜೈನ, ಮುಸಲ್ಮಾನ, ಕ್ರೈಸ್ತ, ನಾಸ್ತಿಕ ಎಲ್ಲರೂ ಅಲ್ಲಿ ಒಂದೇ ಸಾಲಿನಲ್ಲಿದ್ದಾರೆ. ಅವರು ಯಾರೂ ಅಧ್ಯಾಪಕನನ್ನು ಗುರುವೆಂದು ವರಿಸಿ ಬಂದವರಲ್ಲ. ಬ್ರಹ್ಮನಿಷ್ಠನಲ್ಲದವನು ಸಂಬಳ ಪಡೆಯುವುದರಲ್ಲಿ ದೋಷವಿಲ್ಲ. ಅವನು ಗುರುವಿನ ಠೀವಿಯನ್ನು ಧರಿಸಿದಾಗ ದೋಷ ಬರುತ್ತದೆ. ಶಿಷ್ಯನ ಅಂಕಗಳು ತನ್ನ ಕೈಯಲ್ಲಿರುವಾಗ ಅವನ ಭಕ್ತಿಯನ್ನೂ ಕೈಗೆ ತೆಗೆದುಕೊಳ್ಳುವವನು ಬೀಡಿ ಮಾರುವವನಿಗಿಂತ ಎಷ್ಟೋ ಕೆಳಗಿನ ವ್ಯಾಪಾರಿ.

ಹಾಗಾದರೆ ಅವನು ಏನನ್ನು ಕೊಡಬೇಕು? ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದು 1927ರಲ್ಲಿ ನಿವೃತ್ತರಾದ ಎಂ. ಹಿರಿಯಣ್ಣನವರ ಉದಾಹರಣೆ ನಮ್ಮ ಮುಂದಿದೆ. ಅನೇಕ ವರ್ಷಗಳ ಅವರ ತರಗತಿಯ ಉಪನ್ಯಾಸಗಳೇ ಹದಗೊಂಡು 1932ರಲ್ಲಿ ಭಾರತೀಯ ದರ್ಶನಗಳನ್ನು ಕುರಿತ ಅವರ ಪ್ರಸಿದ್ಧ ಇಂಗ್ಲಿಷ್ ಗ್ರಂಥವಾಗಿ ಹೊರಬಂದವು. ಅದರಲ್ಲಿ ಭೌತವಾದಕ್ಕೂ ಒಂದು ಅಧ್ಯಾಯವಿದೆ. ಬೌದ್ಧನು ಓದಿದರೂ ಮೀಮಾಂಸಕನು ಓದಿದರೂ ಇದು ನನ್ನ ಮತವಲ್ಲವೆಂದು ಸಿಟ್ಟಾಗುವಂತಹ ಸಾಲು ಆ ಪುಸ್ತಕದಲ್ಲಿ ನನಗೆ ಸಿಕ್ಕಿಲ್ಲ. ಬರೆದವರು ಎಲ್ಲಿಯೂ ತಮ್ಮನ್ನು ಮುಂದೆ ಮಾಡಿಕೊಳ್ಳುವುದಿಲ್ಲ. ಈ ಗುಣಕ್ಕೆ ಕನ್ನಡನಾಡಿನಲ್ಲಿ ಹಳೆಯ ಬೇರೇ ಇದೆ. ವಿಜಯನಗರದ ಕಾಲದ ಮಾಧವಾಚಾರ್ಯರ ‘ಸರ್ವದರ್ಶನಸಂಗ್ರಹ’ವು ಆರಂಭವಾಗುವುದು ಚಾರ್ವಾಕನಿಂದ. ದೇವರಿಲ್ಲ, ಪರಲೋಕವಿಲ್ಲ ಎಂಬವನ ವಾದವನ್ನು ಅವನೇ ನಿಂತು ಹೇಳಿದಷ್ಟು ಬಿಗಿಯಾಗಿ ಅಲ್ಲಿ ಮಂಡಿಸಲಾಗಿದೆ. ಪೂರ್ವಪಕ್ಷವನ್ನು ದುರ್ಬಲಗೊಳಿಸಿ ಗೆಲ್ಲುವವನು ದೇವರ ಪಕ್ಷವನ್ನು ಗೆಲ್ಲಿಸುವುದಿಲ್ಲ, ತನ್ನನ್ನು ಗೆಲ್ಲಿಸಿಕೊಳ್ಳುತ್ತಾನೆ. ಎದುರಾಳಿಯ ಮಾತನ್ನು ಅವನಿಗಿಂತ ಚೆನ್ನಾಗಿ ಹೇಳುವಷ್ಟು ಅಹಂಕಾರವನ್ನು ಅಳಿಸಿಕೊಳ್ಳುವುದು ಜಪಕ್ಕಿಂತ ಸುಲಭವಾದ ತಪಸ್ಸೆಂದು ನಾನು ತಿಳಿಯುವುದಿಲ್ಲ.

ಆದರೂ ಒಂದು ತೊಡಕು ಉಳಿಯುತ್ತದೆ. ಎಲ್ಲ ಮತಗಳನ್ನೂ ನ್ಯಾಯವಾಗಿ ಹೇಳಿದ ಅಧ್ಯಾಪಕನನ್ನು, ಗಂಟೆ ಬಾರಿಸಿದ ಮೇಲೆ, ಒಬ್ಬ ಹುಡುಗಿಯೋ ಹುಡುಗನೋ ಮೇಜಿನ ಬಳಿ ಬಂದು ಕೇಳುವುದುಂಟು: “ಸಾರ್, ತಾವು ಇದನ್ನು ನಂಬುತ್ತೀರಾ?” ಕೆಲವೊಮ್ಮೆ ಮನೆಯಲ್ಲಿ ಸಾವೊಂದು ಆಗಿರುತ್ತದೆ. ಆತ್ಮವು ಅಳಿಯದೆಂಬ ಪಾಠ ಆ ಮಗುವಿಗೆ ಹತ್ತು ಅಂಕದ ಪ್ರಶ್ನೆಯಾಗಿ ಉಳಿದಿರುವುದಿಲ್ಲ. ಅದು ಪಠ್ಯಕ್ರಮದ ಹೊರಗಿನ ಪ್ರಶ್ನೆಯೆಂದು ಜಾರಿಕೊಳ್ಳುವ ಅಧ್ಯಾಪಕನು ಅಲ್ಲಿಯವರೆಗೆ ಪಡೆದ ಸಂಬಳವೆಲ್ಲ ಲಕ್ಕಮ್ಮನ ಕಣ್ಣಿನಲ್ಲಿ ಹೆಚ್ಚಾಗಿ ತಂದ ಅಕ್ಕಿಯೇ. ನಂಬುತ್ತೇನೆ ಎಂದಾಗಲಿ, ನಂಬಲಾರೆ ಎಂದಾಗಲಿ, ಇನ್ನೂ ಹುಡುಕುತ್ತಿದ್ದೇನೆ ಎಂದಾಗಲಿ ಇದ್ದುದನ್ನು ಇದ್ದಂತೆ ಹೇಳುವುದು ಅವನ ಕರ್ತವ್ಯ. ನಾರದರ ಬಾಯಲ್ಲಿ ಬಂದ ಮಾತು ಅವನ ಬಾಯಲ್ಲಿ ಬಂದರೆ ಅವನಿಗೇನೂ ಕುಂದಿಲ್ಲ. ಹೇಳಿದ ಮೇಲೆ, ತನ್ನ ಉತ್ತರಕ್ಕೆ ಎದುರಾಗಿ ನಿಲ್ಲಬಲ್ಲ ಅತ್ಯಂತ ಬಲವಾದ ಯುಕ್ತಿಯನ್ನೂ ಆ ಮಗುವಿನ ಕೈಗೆ ಕೊಡಬೇಕು. ದುಃಖದಲ್ಲಿರುವವರಿಗೆ ಯುಕ್ತಿಯನ್ನು ಕೊಡುವುದು ಕ್ರೌರ್ಯವೆಂದು ಕೆಲವರು ಭಾವಿಸುತ್ತಾರೆ. ನಾನು ಹಾಗೆ ಭಾವಿಸುವುದಿಲ್ಲ. ತೋಳು ಹಿಡಿದು ನಿಲ್ಲಿಸುವ ದಯೆಯೂ ಇದೆ, ಕಾಲಮೇಲೆ ನಿಲ್ಲಿಸುವ ದಯೆಯೂ ಇದೆ. ತರಗತಿಯಲ್ಲಿ ದೊರೆಯಬೇಕಾದದ್ದು ಎರಡನೆಯದು.

ಗೋವುಗಳನ್ನು ಹೊಡೆಸಿಕೊಂಡು ಹೋದ ಯಾಜ್ಞವಲ್ಕ್ಯರು ಕಡೆಗೆ ಮನೆಬಿಟ್ಟು ಹೊರಡುವಾಗ ಪಾಠ ಹೇಳಿದ್ದು ಯಾವ ದಕ್ಷಿಣೆಯೂ ಇಲ್ಲದೆ, ಮಡದಿ ಮೈತ್ರೇಯಿಗೆ. ಗಂಡನು ಹಂಚಿಕೊಡುವ ಸಂಪತ್ತಿನಿಂದ ಅಮೃತತ್ವ ದೊರೆಯದೆಂದ ಮೇಲೆ ಅದು ನನಗೇಕೆ ಎಂದು ಕೇಳಿದವಳು ಆಕೆ. ಅವರು ಹೇಳಿದ್ದನ್ನೆಲ್ಲ ಕೇಳಿ ಆಕೆ ತಲೆದೂಗಿ ಒಪ್ಪಿಬಿಡಲಿಲ್ಲ. ತಾವು ನನ್ನನ್ನು ಗೊಂದಲಕ್ಕೆ ನೂಕಿದಿರಿ ಎಂದಳು. ಋಷಿಗೆ ಹೊರಡುವ ಹೊತ್ತಾಗಿತ್ತು. ಅವರು ಬೇಸರಪಡದೆ, ಗೊಂದಲವಾಗುವುದನ್ನು ನಾನು ಹೇಳಲಿಲ್ಲ ಎಂದು, ಮತ್ತೆ ನಿಂತು, ಅದನ್ನೇ ಇನ್ನೊಂದು ಬಗೆಯಲ್ಲಿ ವಿವರಿಸಿ, ಆಮೇಲೆ ಹೊರಟರು.